ಬಲಿಪೀಠದ ಮುಂದೆ ಬಣ್ಣದ ಹೂಗಳು



ವಿಮೋಚನಾಕಾಂಡವನ್ನು ಓದುವಾಗ ನಮ್ಮಲ್ಲಿ ಹಲವರು ಇಪ್ಪತ್ತೈದನೆಯ ಅಧ್ಯಾಯಕ್ಕೆ ಬಂದೊಡನೆ ಪುಟ ಮಗುಚಿಬಿಡುತ್ತೇವೆ. ಕೆಂಪು ಸಮುದ್ರ ದಾಟಿದ್ದಾಯಿತು, ಸೀನಾಯಿ ಬೆಟ್ಟದಲ್ಲಿ ಹತ್ತು ಕಟ್ಟಳೆಗಳು ಬಂದದ್ದಾಯಿತು, ಇನ್ನು ಬರುವುದು ಬರೀ ಗುಡಾರದ ಅಳತೆ, ಕಂಬ, ಕೊಂಡಿ, ಪರದೆಗಳ ಲೆಕ್ಕ ಎಂದು ನಮ್ಮ ಎಣಿಕೆ. ಸ್ವಲ್ಪ ತಾಳ್ಮೆಯಿಂದ ಓದಿ ನೋಡಿ. ತನ್ನ ಗುಡಾರಕ್ಕೆ ಜನರಿಂದ ಕಾಣಿಕೆ ಸಂಗ್ರಹಿಸು ಎಂದು ದೇವರು ಮೋಶೆಗೆ ಹೇಳುವಾಗ ಚಿನ್ನ, ಬೆಳ್ಳಿ, ತಾಮ್ರಗಳ ಬೆನ್ನಿಗೇ ನೀಲಿ, ಧೂಮ್ರ, ಕಡುಗೆಂಪು ಬಣ್ಣದ ದಾರಗಳನ್ನೂ ಹೆಸರಿಸುತ್ತಾರೆ. ಕುರಿಯ ಮೈಮೇಲೆ ಈ ಬಣ್ಣದ ಉಣ್ಣೆ ಬೆಳೆಯುವುದಿಲ್ಲ. ನೀಲಿ ಮತ್ತು ಧೂಮ್ರವರ್ಣಗಳು ಮೆಡಿಟರೇನಿಯನ್ ಕಡಲಿನ ಒಂದು ಬಗೆಯ ಶಂಖದ ಹುಳುವಿನಿಂದ ಬರುತ್ತಿದ್ದವು. ಕಡುಗೆಂಪು ಒಂದು ಸಣ್ಣ ಕೀಟದಿಂದ. ಯಾರೋ ಅವನ್ನು ಹಿಡಿದು, ಅರೆದು, ಕುದಿಸಿ, ಬಿಳಿಯ ದಾರವನ್ನು ಅದರಲ್ಲಿ ಅದ್ದಿ ತೆಗೆದಿದ್ದರು. ಆ ಗುಡಾರದೊಳಗಿನ ದೀಪಸ್ತಂಭದ ಕೊಂಬೆಗಳಲ್ಲಿ ಬಾದಾಮಿ ಹೂವಿನ ಆಕಾರದ ಬಟ್ಟಲುಗಳು, ಮೊಗ್ಗುಗಳು, ಹೂಗಳು ಇರಬೇಕೆಂದೂ ಅಪ್ಪಣೆಯಾಗಿತ್ತು. ಹೀಗೆ ದೇವರ ಮನೆಯೊಳಗೆ ಬಣ್ಣ ಹಾಕುವವನ ಕೆಲಸವೂ ಹೂವೂ ಮೋಶೆಯ ಕಾಲದಲ್ಲಿಯೇ ಕಾಲಿಟ್ಟಿವೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇತ್ತೀಚೆಗೆ ಅನೇಕ ಧರ್ಮಕೇಂದ್ರಗಳಲ್ಲಿ ಯುವಜನರು ಬಿಳಿ ಹೂಗಳಿಗೆ ಬಣ್ಣ ಕುಡಿಸಿ ಬಲಿಪೀಠದ ಸುತ್ತ ಅಲಂಕರಿಸುತ್ತಿದ್ದಾರೆ. ನೀಲಿ ಸುಗಂಧರಾಜ, ಹಸಿರು ಸೇವಂತಿಗೆ, ಅರ್ಧ ಕೆಂಪು ಅರ್ಧ ಬಿಳಿಯ ಕಾರ್ನೇಷನ್. ಅದನ್ನು ನೋಡಿದ ಹಿರಿಯರು ಪೂಜೆ ಮುಗಿದ ಮೇಲೆ ಸಕ್ರಿಸ್ತಿಗೆ ಬಂದು, "ಸ್ವಾಮಿ, ದೇವರು ಬೆಳ್ಳಗೆ ಕೊಟ್ಟ ಹೂವಿಗೆ ನಾವ್ಯಾಕೆ ನೀಲಿ ಮಾಡ್ಬೇಕು? ಇದು ದೇವರಿಗೇ ಮೋಸ ಮಾಡ್ದಂಗಲ್ವಾ?" ಎಂದು ಕೇಳುತ್ತಾರೆ. ಯುವಕರು ಅದೇ ಮಾತನ್ನು ಇನ್ನೊಂದು ಬದಿಯಿಂದ ಕೇಳುತ್ತಾರೆ: "ಇದರಲ್ಲಿ ತಪ್ಪೇನಿದೆ ಫಾದರ್? ಹೂ ನಿಜವಾದದ್ದೇ ಅಲ್ವಾ? ಪ್ಲಾಸ್ಟಿಕ್ ಅಲ್ಲವಲ್ಲ?" ಎರಡೂ ಪ್ರಶ್ನೆಗಳು ಒಳ್ಳೆಯವು. ಎರಡನ್ನೂ ಗೌರವದಿಂದ ನೋಡೋಣ.

ಮೊದಲು ಆ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕು. ತಿಳಿಯದೆ ತೀರ್ಪು ಕೊಡುವುದು ನಮ್ಮಲ್ಲಿ ಹಳೆಯ ರೋಗ. ಅರ್ಧ ಅರಳಿದ ಬಿಳಿ ಹೂವನ್ನು ಆರಿಸಿಕೊಳ್ಳಬೇಕು. ಜೋಡಿ ಎಸಳಿನ ಸುಗಂಧರಾಜವಾದರೆ ಹೂದಾನಿಗೆ ಚೆನ್ನ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ 'ಸುವಾಸಿನಿ', 'ವೈಭವ್' ತಳಿಗಳು ಅಂಥವು. ದಂಟಿನ ತುದಿಯನ್ನು ನೀರಿನೊಳಗೇ ಹಿಡಿದು ಹರಿತವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಬೇಕು. ಗಾಳಿಯಲ್ಲಿ ಕತ್ತರಿಸಿದರೆ ಒಳಗಿನ ಸಣ್ಣ ನಾಳಗಳಲ್ಲಿ ಗಾಳಿಯ ಗುಳ್ಳೆ ಸೇರಿ ನೀರು ಏರುವ ದಾರಿ ಕಟ್ಟಿಕೊಳ್ಳುತ್ತದೆ. ಬೆಚ್ಚಗಿನ ನೀರಿಗೆ ಅಡುಗೆ ಬಣ್ಣವನ್ನು ಗಾಢವಾಗಿ ಕಲಸಿ ಅದರಲ್ಲಿ ದಂಟುಗಳನ್ನು ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ಎಸಳಿನ ಅಂಚಿನಲ್ಲಿ ಬಣ್ಣ ಇಣುಕುತ್ತದೆ. ರಾತ್ರಿ ಇಟ್ಟರೆ ಬೆಳಗಿನ ಹೊತ್ತಿಗೆ ಎಸಳಿನ ಒಂದೊಂದು ನರವೂ ಬರೆದಿಟ್ಟ ಹಾಗೆ ಎದ್ದು ಕಾಣುತ್ತದೆ. ಇದರಲ್ಲಿ ಮಂತ್ರವಿಲ್ಲ. ಎಸಳಿನಿಂದ ನೀರು ಆವಿಯಾಗುತ್ತ ಹೋದ ಹಾಗೆ ಕೆಳಗಿನ ನೀರು ಮೇಲಕ್ಕೆ ಎಳೆಯಲ್ಪಡುತ್ತದೆ, ನೀರಿನ ಜೊತೆಗೆ ಬಣ್ಣವೂ ಹೋಗುತ್ತದೆ. ನೀರು ಆವಿಯಾಗಿ ಹಾರಿಹೋಗುತ್ತದೆ, ಬಣ್ಣಕ್ಕೆ ಹಾರಲು ಬರುವುದಿಲ್ಲ, ಅದು ಅಂಚಿನಲ್ಲಿಯೇ ಉಳಿಯುತ್ತದೆ. ದಂಟನ್ನು ಉದ್ದಕ್ಕೆ ಸೀಳಿ ಒಂದು ಸೀಳನ್ನು ಕೆಂಪು ನೀರಿನಲ್ಲಿ, ಇನ್ನೊಂದನ್ನು ನೀಲಿ ನೀರಿನಲ್ಲಿ ಇಟ್ಟರೆ ಒಂದೇ ಹೂವಿನಲ್ಲಿ ಎರಡು ಬಣ್ಣ.

ನಮ್ಮ ಯುವತಿಯರು ಉಪದೇಶ ತರಗತಿಯ ಕೋಣೆಯಲ್ಲಿ ಸಾಲಾಗಿ ಬಾಟಲಿಗಳನ್ನಿಟ್ಟು ಈ ಪ್ರಯೋಗ ಮಾಡಿದಾಗ ಉಪದೇಶಕ್ಕೆ ಬಂದ ಮಕ್ಕಳು ಪಾಠ ಮರೆತು ಅಲ್ಲಿಯೇ ನಿಂತರು. ಒಬ್ಬ ಹುಡುಗ ಮನೆಯಿಂದ ಅರಿಶಿನ ತಂದು ನೀರಿಗೆ ಹಾಕಿ ಹೂ ಇಟ್ಟ. ಮರುದಿನವೂ ಹೂ ಬಿಳಿಯೇ! ಅರಿಶಿನದ ಬಣ್ಣ ನೀರಿನಲ್ಲಿ ಕರಗುವಂಥದ್ದಲ್ಲ, ಎಷ್ಟು ಕಲಕಿದರೂ ತಳದಲ್ಲಿ ಕುಳಿತುಬಿಡುತ್ತದೆ. ಕರಗದೆ ಇದ್ದದ್ದು ಹೂವಿನ ನಾಳದಲ್ಲಿ ಹತ್ತುವುದಿಲ್ಲ. ಹಳದಿ ಸೇವಂತಿಗೆಗೆ ನೀಲಿ ಕುಡಿಸಿದವರಿಗೆ ಹಸಿರು ಸಿಕ್ಕಿತು. ಈ ಆಟದಲ್ಲಿ ನಾನು ಪಾಪವನ್ನೇನೂ ಕಾಣಲಿಲ್ಲ. ಸೃಷ್ಟಿಯ ಒಳಗುಟ್ಟನ್ನು ಬೆರಗಿನಿಂದ ನೋಡುವ ಮಗು ಸೃಷ್ಟಿಕರ್ತನ ಮನೆಯ ಅಂಗಳದಲ್ಲಿಯೇ ಇರುತ್ತದೆ. (ಜಪಾನಿನ ಸಂಟೋರಿ ಕಂಪನಿ ವರ್ಷಗಟ್ಟಲೆ ಸಂಶೋಧನೆ ನಡೆಸಿ, ಸಸ್ಯದ ವಂಶವಾಹಿಯನ್ನೇ ಬದಲಿಸಿ 2004ರಲ್ಲಿ ನೀಲಿ ಗುಲಾಬಿಯನ್ನು ಪ್ರಕಟಿಸಿತು, 2009ರಲ್ಲಿ ಮಾರಾಟಕ್ಕೂ ಇಟ್ಟಿತು. ಅದರ ಚಿತ್ರ ನೋಡಿದರೆ ನನಗೆ ತಿಳಿನೇರಳೆಯಂತೆಯೇ ಕಾಣುತ್ತದೆ. ನಮ್ಮ ಹುಡುಗಿಯರ ಬಾಟಲಿಯ ನೀಲಿಯೇ ಹೆಚ್ಚು ನೀಲಿ.)

ಆದರೆ ಇನ್ನೊಂದು ಬಗೆಯ ಬಣ್ಣವಿದೆ. ಡಬ್ಬಿಯಿಂದ ಚಿಮ್ಮಿಸುವ ಪೇಂಟ್, ಬಟ್ಟೆಗೆ ಹಾಕುವ ಬಣ್ಣ, ಚಿನ್ನದ ಬೆಳ್ಳಿಯ ಪುಡಿ. ಇವು ಹೂವಿನ ಒಳಗೆ ಹೋಗುವುದಿಲ್ಲ, ಮೈಮೇಲೆ ಕೂತು ಉಸಿರು ಕಟ್ಟಿಸುತ್ತವೆ. ಕೈಗೆ, ಪೀಠವಸ್ತ್ರಕ್ಕೆ ಅಂಟುತ್ತವೆ. ಬಿಳಿಯ ಪೀಠವಸ್ತ್ರದ ಮೇಲೆ ಬಿದ್ದ ನೇರಳೆ ಕಲೆಯನ್ನು ತೆಗೆಯಲು ನಮ್ಮ ಧರ್ಮಭಗಿನಿಯರು ಎಷ್ಟು ನಿಂಬೆಹಣ್ಣು ಹಿಂಡಿದ್ದಾರೆಂದು ಅವರನ್ನೇ ಕೇಳಿ. ಮಕ್ಕಳ ಕೈಗೆ ಇಂಥ ಹೂ ಕೊಡುವುದಂತೂ ಬೇಡ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಅವುಗಳಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿತ್ತು. ತಿನ್ನುವ ಪದಾರ್ಥಕ್ಕೇ ಅದನ್ನು ಹಾಕಿದವರುಂಟು ಎಂದ ಮೇಲೆ, ಎಸಳನ್ನು ಬಾಯಿಗೆ ಹಾಕಿಕೊಳ್ಳುವ ಪುಟ್ಟ ಮಗುವಿನ ಬುಟ್ಟಿಗೆ ಯಾವ ಬಣ್ಣ ಹೋಗುತ್ತಿದೆ ಎಂದು ತಂದೆತಾಯಿಗಳು ನೋಡಬೇಡವೇ?

ಹಾಗಾದರೆ ಧರ್ಮಸಭೆ ಏನು ಹೇಳುತ್ತದೆ? ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಬಗ್ಗೆ ಹೊರಡಿಸಿದ ಸಂವಿಧಾನದಲ್ಲಿ, ದೇವಾಲಯದ ಕಲೆಯಲ್ಲಿ ಆಡಂಬರಕ್ಕಿಂತ ಘನತೆಯ ಸೌಂದರ್ಯವನ್ನು ಬಯಸುವಂತೆ ಧರ್ಮಾಧ್ಯಕ್ಷರಿಗೆ ತಿಳಿಸಿತು. ರೋಮನ್ ಪೂಜಾಗ್ರಂಥದ ಸಾಮಾನ್ಯ ನಿಬಂಧನೆಗಳಲ್ಲಿ ದೇವಾಲಯದ ಅಲಂಕಾರಕ್ಕೆ ಬಳಸುವ ವಸ್ತುಗಳು ಸಾಚಾ ಆಗಿರಬೇಕೆಂಬ ಕಾಳಜಿ ಇದೆ. ಹೂವಿನ ವಿಷಯವನ್ನು 305ನೆಯ ನಿಬಂಧನೆ ನೇರವಾಗಿ ಮುಟ್ಟುತ್ತದೆ. ಹೂವಿನ ಅಲಂಕಾರ ಯಾವಾಗಲೂ ಮಿತವಾಗಿರಬೇಕು, ಅದು ಬಲಿಪೀಠದ ಮೇಲ್ಹಲಗೆಯ ಮೇಲಲ್ಲ, ಪೀಠದ ಸುತ್ತ ಇರಬೇಕು. ಆಗಮನ ಕಾಲದಲ್ಲಿ ಕ್ರಿಸ್ತಜಯಂತಿಯ ಪೂರ್ಣಸಂತೋಷವನ್ನು ಮೊದಲೇ ತೋರಿಸಿಬಿಡದಂತೆ ಹಿಡಿತವಿರಬೇಕು. ತಪಸ್ಸು ಕಾಲದಲ್ಲಿ ಪೀಠಕ್ಕೆ ಹೂವಿನ ಅಲಂಕಾರವೇ ಇಲ್ಲ. ಆ ಕಾಲದ ನಾಲ್ಕನೆಯ ಭಾನುವಾರ, ಮಹೋತ್ಸವಗಳು ಮತ್ತು ಹಬ್ಬಗಳು ಮಾತ್ರ ಇದಕ್ಕೆ ಹೊರತು. ಬಣ್ಣ ಕುಡಿಸಿದ ಹೂವನ್ನು ಇಡಬಾರದೆಂದು ಆ ನಿಬಂಧನೆ ಎಲ್ಲಿಯೂ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ಧೂಮ್ರವರ್ಣದ ದಾರವನ್ನು ಕೇಳಿ ಪಡೆದ ದೇವರು ನೀಲಿ ಸುಗಂಧರಾಜವನ್ನು ಕಂಡು ಮುಖ ತಿರುಗಿಸುವರೇ?

ಇಷ್ಟು ಹೇಳಿದ್ದಕ್ಕೆ ಯುವಜನರು ಗೆದ್ದೆವೆಂದು ಎದ್ದು ಹೋಗಬೇಡಿ. ಒಂದೆರಡು ಮಾತು ನಿಮಗೂ ಇದೆ.

ಪೂಜಾವಸ್ತ್ರದ ಬಣ್ಣಕ್ಕೆ ಹೂವಿನ ಬಣ್ಣ ಹೊಂದಲೇಬೇಕೆಂಬ ಹಟ ಎಲ್ಲಿಂದ ಬಂತೋ ತಿಳಿಯದು. ಬಹುಶಃ ಮದುವೆ ಮಂಟಪಗಳಿಂದ ಬಂದಿರಬೇಕು. ಅಲ್ಲಿ ಕುರ್ಚಿಯ ಬಟ್ಟೆಗೂ ವಧುವಿನ ಸೀರೆಗೂ ಹೂವಿಗೂ ಒಂದೇ ಬಣ್ಣ. ಸಾಧಾರಣ ಕಾಲದ ಹಸಿರಿಗೆಂದು ಸೇವಂತಿಗೆಗೆ ಹಸಿರು ಕುಡಿಸುತ್ತೀರಿ. ಎಲೆಗಳನ್ನು ದೇವರು ಹಸಿರಾಗಿಯೇ ಮಾಡಿದ್ದಾರಲ್ಲ? ಒಂದು ಹಿಡಿ ಮಾವಿನ ಎಲೆ, ನಾಲ್ಕು ಅಡಕೆಯ ಹಿಂಗಾರ ಸಾಕು. ಪವಿತ್ರಾತ್ಮರ ಹಬ್ಬಕ್ಕೆ ಕೆಂಪು ಬೇಕೆಂದರೆ ನಮ್ಮ ಹಿತ್ತಲುಗಳಲ್ಲಿ ದಾಸವಾಳವಿದೆ. ರೋಮ್ ನಗರದ ಪ್ಯಾಂಥಿಯನ್ ದೇವಾಲಯದಲ್ಲಿ ಆ ಹಬ್ಬದಂದು ಗುಮ್ಮಟದ ನಡುವಿನ ತೆರಪಿನಿಂದ ಕೆಂಪು ಗುಲಾಬಿ ಎಸಳುಗಳನ್ನು ಸುರಿಸುತ್ತಾರೆ. ಎಸಳು, ಎತ್ತರ, ಬೀಳುವಿಕೆ, ಅಷ್ಟೇ. ಇನ್ನು ತಪಸ್ಸು ಕಾಲಕ್ಕೆ ನೇರಳೆ ಹೂ ಇಟ್ಟರೆ ಎಷ್ಟು ಚೆಂದ ಎಂದು ಒಬ್ಬ ಯುವಕ ಬಹಳ ಉತ್ಸಾಹದಿಂದ ಕೇಳಿದ. ಬೇಡ ಮಗು, ಎಂದೆ. ಆ ನಲವತ್ತು ದಿನ ಹೊಟ್ಟೆಗೆ ಉಪವಾಸವಿರುವ ಹಾಗೆ ಕಣ್ಣಿಗೂ ಉಪವಾಸವಿದೆ. ಬರಿದಾದ ಪೀಠವನ್ನು ಆರು ವಾರ ನೋಡಿದ ಕಣ್ಣಿಗೆ ಪಾಸ್ಕದ ರಾತ್ರಿಯ ಒಂದು ಮೊಳ ಮಲ್ಲಿಗೆ ಎಂಥ ಬೆಳಕಾಗಿ ಕಾಣುತ್ತದೆ! ಉಪವಾಸವನ್ನೂ ಅಲಂಕಾರ ಮಾಡಿಬಿಟ್ಟರೆ ಹಬ್ಬಕ್ಕೆ ಉಳಿಯುವುದೇನು?

ಅದೇ ಧೂಮ್ರವರ್ಣದ ಇನ್ನೊಂದು ಕಥೆಯನ್ನೂ ನೆನೆಯಿರಿ. ಫಿಲಿಪ್ಪಿ ಪಟ್ಟಣದಲ್ಲಿ ಪೌಲನ ಬೋಧನೆಯನ್ನು ಕೇಳಿ ಮನೆಮಂದಿಯೊಂದಿಗೆ ದೀಕ್ಷಾಸ್ನಾನ ಪಡೆದ ಲಿಡಿಯ ಎಂಬಾಕೆ ಧೂಮ್ರವರ್ಣದ ಬಟ್ಟೆಯ ವ್ಯಾಪಾರಿ. ಆಕೆ ತನ್ನ ಮನೆಯ ಬಾಗಿಲನ್ನೇ ಪ್ರೇಷಿತರಿಗೆ ತೆರೆದಳು. ಜೆರುಸಲೇಮಿನಲ್ಲಿ ಸೈನಿಕರು ಯೇಸುಸ್ವಾಮಿಯನ್ನು ಹಾಸ್ಯಮಾಡಲು ಹೊದಿಸಿದ್ದು ಕೂಡ ಅದೇ ಬಣ್ಣದ ಬಟ್ಟೆ ಎಂದು ಮಾರ್ಕ ಮತ್ತು ಯೊವಾನ್ನ ಬರೆಯುತ್ತಾರೆ. ಗುಡಾರದ ಪರದೆಗೆ, ಲಿಡಿಯಳ ಅಂಗಡಿಗೆ, ಸೈನಿಕರ ಕೈಗೆ ಒಂದೇ ಬಣ್ಣ ಸಿಕ್ಕಿತು. ಒಂದೊಂದು ಕಡೆ ಅದರಿಂದ ಆದದ್ದು ಒಂದೊಂದು.

ಗುರುಮಠದಲ್ಲಿ ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಅರಿಸ್ಟಾಟಲನ ಒಂದು ಪಾಠವಿತ್ತು. ಒಂದು ವಸ್ತು ತಾನು ಏನಾಗಿದೆಯೋ ಅದು ಅದರ ದ್ರವ್ಯ. ಅದರ ಬಣ್ಣ, ಗಾತ್ರ, ರುಚಿ ಮೊದಲಾದವು ಆಗಂತುಕ ಗುಣಗಳು. ಗುಣಗಳು ಬಂದು ಹೋಗಬಹುದು, ದ್ರವ್ಯ ಹಾಗೆಯೇ ಇರುತ್ತದೆ. ಬಿಸಿಲಿಗೆ ಕಪ್ಪಾದ ಮನುಷ್ಯ ಮನುಷ್ಯನೇ. ಅಂದು ನಿದ್ದೆ ತರಿಸಿದ್ದ ಈ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಈಗ, ನೀಲಿ ಸುಗಂಧರಾಜದ ಪಕ್ಕದಲ್ಲಿ ನಿಂತು ಪೂಜೆ ಅರ್ಪಿಸುವಾಗ. ಆ ಹೂವಿನಲ್ಲಿ ಬಣ್ಣ ಬದಲಾಗಿದೆ, ಹೂ ಬದಲಾಗಿಲ್ಲ. ಅದು ಇನ್ನೂ ಸುಗಂಧರಾಜವೇ, ವಾಸನೆಯೂ ಅದೇ, ಎರಡು ಮೂರು ದಿನಗಳಲ್ಲಿ ಬಾಡುವುದೂ ಅದೇ. ಅದರಿಂದ ಒಂದು ಮಾರು ದೂರದಲ್ಲಿ ಪೀಠದ ಮೇಲೆ ಇರುವ ರೊಟ್ಟಿಯಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಬಣ್ಣ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ, ಗಾತ್ರ ಬದಲಾಗುವುದಿಲ್ಲ, ಕಣ್ಣಿಗೆ ಕಾಣುವ ಒಂದೂ ಬದಲಾಗುವುದಿಲ್ಲ. ಆದರೆ ಅದು ಏನಾಗಿತ್ತೋ ಅದೇ ಇಲ್ಲವಾಗಿ ಪ್ರಭುವಿನ ಶರೀರವಾಗುತ್ತದೆ. ಸಂತ ಥಾಮಸ್ ಅಕ್ವಿನಾಸರು ಈ ರಹಸ್ಯವನ್ನು ವಿವರಿಸಲು ಇದೇ ದ್ರವ್ಯ-ಗುಣಗಳ ಭಾಷೆಯನ್ನು ಬಳಸಿದರು. 1551ರಲ್ಲಿ ಟ್ರೆಂಟ್ ಮಹಾಸಭೆ ರೊಟ್ಟಿ ದ್ರಾಕ್ಷಾರಸಗಳ ಸತ್ವವೇ ಪರಿವರ್ತನೆಯಾಗುತ್ತದೆಂದು ದೃಢವಾಗಿ ಸಾರಿತು.

ಈಗ ಹೇಳಿ, ದೇವಾಲಯಕ್ಕೆ ಬಂದವರ ಕಣ್ಣು ಎಲ್ಲಿ ನಿಲ್ಲಬೇಕು? ಬಣ್ಣ ಬದಲಾಗಿ ಎದ್ದು ಕಾಣುವ ಹೂವಿನ ಮೇಲೆ ಕಣ್ಣು ತಾನಾಗಿಯೇ ಹೋಗುತ್ತದೆ. ಏನೂ ಬದಲಾಗದಂತೆ ಕಾಣುವ ಆ ಪುಟ್ಟ ಬಿಳಿ ರೊಟ್ಟಿಯ ಮೇಲೆ ನಿಲ್ಲಲು ವಿಶ್ವಾಸ ಬೇಕು. ಹೂವನ್ನು ಪೀಠದ ಮೇಲೆ ಇಡಬೇಡಿ, ಸುತ್ತ ಇಡಿ, ಮಿತವಾಗಿಡಿ ಎಂದು ನಿಬಂಧನೆ ಹೇಳುವುದು ಹೂವಿನ ಮೇಲಿನ ಕೋಪದಿಂದಲ್ಲ. ಒಂದು ಸಲ ಹಬ್ಬದ ದಿನ ಬೇರೊಂದು ಊರಿನಲ್ಲಿ ಪೂಜೆಗೆ ಹೋಗಿದ್ದೆ. ಪೀಠದ ಮುಂಭಾಗವನ್ನು ಮೂರು ಬಣ್ಣದ ಹೂಗಳ ಗೋಡೆಯಿಂದ ಮುಚ್ಚಿದ್ದರು. ಪಾತ್ರೆಯನ್ನು ಎತ್ತಿ ಹಿಡಿದಾಗ ಮುಂದಿನ ಸಾಲಿನ ಮಕ್ಕಳಿಗೆ ನನ್ನ ಬೆರಳ ತುದಿ ಮಾತ್ರ ಕಂಡಿರಬೇಕು. ಜೋಡಿಸುವ ಯುವಜನರಿಗೆ ನಾನು ಕೊಡುವ ಅಳತೆ ಸುಲಭ. ಹೂವಿಟ್ಟ ಮೇಲೆ ಮುಂದಿನ ಬೆಂಚಿನಲ್ಲಿ ಆರು ವರ್ಷದ ಮಗುವೊಂದನ್ನು ಕೂರಿಸಿ, ಪೀಠದ ಮೇಲೆ ಏನು ಕಾಣುತ್ತದೆ ಎಂದು ಕೇಳಿ. ಪಾತ್ರೆ ಮತ್ತು ತಟ್ಟೆ ಎಂದು ಮಗು ಹೇಳಿದರೆ ನಿಮ್ಮ ಕೆಲಸ ಸರಿ. ಹೂ ಎಂದರೆ ಒಂದು ಹೂದಾನಿಯನ್ನು ತೆಗೆಯಿರಿ. ವಾಚನಪೀಠದ ಬಳಿ ಒಂದು, ಪೀಠದ ಒಂದು ಬದಿಯಲ್ಲಿ ತಗ್ಗಾಗಿ ಒಂದು, ಪರಮಪ್ರಸಾದದ ಪೆಟ್ಟಿಗೆಯ ಹತ್ತಿರ ಚಿಕ್ಕದೊಂದು. ಎರಡು ಬದಿಯೂ ಒಂದೇ ಸಮ ಇರಬೇಕೆಂದೇನಿಲ್ಲ. ಒಂದು ಬದಿಗೆ ಎತ್ತರ, ಇನ್ನೊಂದಕ್ಕೆ ಖಾಲಿ ಜಾಗ ಬಿಟ್ಟರೂ ಚೆನ್ನಾಗಿಯೇ ಕಾಣುತ್ತದೆ.

ಭಾರತದ ಧರ್ಮಸಭೆಗೆ ಹೂವು ಇನ್ನೂ ಹತ್ತಿರದ್ದು. 1969ರಲ್ಲಿ ನಮ್ಮ ಧರ್ಮಾಧ್ಯಕ್ಷರ ಕೋರಿಕೆಯ ಮೇರೆಗೆ ರೋಮ್ ಒಪ್ಪಿಕೊಂಡ ಹನ್ನೆರಡು ಅಂಶಗಳಲ್ಲಿ, ಕಾಣಿಕೆಯ ಸಮಯದಲ್ಲಿಯೂ ಮಹಾಸ್ತುತಿ ಪ್ರಾರ್ಥನೆಯ ಕೊನೆಯಲ್ಲಿಯೂ ಹೂ, ಧೂಪ, ದೀಪಗಳ ಆರತಿ ಎತ್ತಬಹುದೆಂಬುದೂ ಒಂದು. ನಮ್ಮ ತಾಯಂದಿರು ತಟ್ಟೆಯಲ್ಲಿ ಹೂ ಹಿಡಿದು ಎತ್ತುವ ಆರತಿ ಯಾರದೋ ಅನುಕರಣೆಯಲ್ಲ, ಈ ನೆಲದ ಕೈಗಳ ಪ್ರಾರ್ಥನೆ. ಆ ತಟ್ಟೆಗೆ ಮಾತ್ರ ಬಣ್ಣ ಕುಡಿಸಿದ ಹೂ ಬೇಡವೆಂಬುದು ನನ್ನ ಸ್ವಂತ ಅಭಿಪ್ರಾಯ. ಕೈಯಲ್ಲಿ ಎತ್ತಿ ಕೊಡುವುದು ಹೇಗಿದೆಯೋ ಹಾಗೆಯೇ ಇರಲಿ. ಇದಕ್ಕೆ ನಿಯಮದ ಆಧಾರವಿಲ್ಲ, ಒಪ್ಪದವರು ಒಪ್ಪದಿರಬಹುದು.

ಇನ್ನು ನಾನು ಬರೆಯಲೇಬೇಕೆಂದುಕೊಂಡ ಮುಖ್ಯ ವಿಷಯ. ನಮ್ಮ ಧರ್ಮಕೇಂದ್ರದಲ್ಲಿ ಒಬ್ಬ ಅಜ್ಜಿ ಇದ್ದಾರೆ, ವಿಧವೆ. ಪ್ರತಿ ಶನಿವಾರ ಸಂಜೆ ಹಿತ್ತಲಿನ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿ ತರುತ್ತಿದ್ದರು. ಒಂದಿಷ್ಟು ಕನಕಾಂಬರ, ನಾಲ್ಕು ದಾಸವಾಳ, ನಂದಿಬಟ್ಟಲು, ಕಾಲ ಬಂದರೆ ಎರಡು ಚೆಂಡುಹೂ. ಬಣ್ಣಕ್ಕೆ ಬಣ್ಣ ಸೇರದ ಹೂಗಳು. ಹೊಸ ಅಲಂಕಾರ ಆರಂಭವಾದ ಕೆಲವು ವಾರಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ಸಕ್ರಿಸ್ತಿಯ ಹಿಂದಿನ ನಲ್ಲಿಯ ಕೆಳಗೆ ಬಕೆಟ್ಟಿನಲ್ಲಿ ಆ ಬಾಳೆ ಎಲೆಯ ಪೊಟ್ಟಣ ಬಿಚ್ಚದೆ ಬಿದ್ದಿತ್ತು. ವಿಚಾರಿಸಿದರೆ, "ನಮ್ಮ ಈ ವಾರದ ಕಲರ್‌ಗೆ ಅದು ಮ್ಯಾಚ್ ಆಗಲ್ಲ ಫಾದರ್" ಎಂಬ ಉತ್ತರ. ಯಾರೂ ಕೆಟ್ಟವರಲ್ಲ. ಯಾರೂ ಅಜ್ಜಿಗೆ ಒಂದು ಒರಟು ಮಾತೂ ಆಡಿರಲಿಲ್ಲ. ಪೊಟ್ಟಣವನ್ನು ನಗುನಗುತ್ತಲೇ ತೆಗೆದುಕೊಂಡಿದ್ದರು. ಆದರೆ ಪೂಜೆಗೆ ಬಂದ ಅಜ್ಜಿ ಪೀಠದ ಸುತ್ತ ತಮ್ಮ ಹೂವನ್ನು ಕಣ್ಣಿನಿಂದ ಹುಡುಕಿದ್ದಾರೆ, ಒಂದು ವಾರವಲ್ಲ, ಹಲವು ವಾರ. ಆಮೇಲೆ ಶನಿವಾರ ಬರುವುದನ್ನು ನಿಲ್ಲಿಸಿದರು.

ಆ ವಾರ ಯುವಜನರ ಸಭೆಯಲ್ಲಿ ನಾನು ಗದರಿಸಲಿಲ್ಲ. ವಿಮೋಚನಾಕಾಂಡದ ಮೂವತ್ತೈದನೆಯ ಅಧ್ಯಾಯವನ್ನು ಓದಿಸಿದೆ. ಅಲ್ಲಿ ಕಾಣಿಕೆ ತರುವ ಜನರ ಸಾಲು ಬರುತ್ತದೆ. ನೀಲಿ, ಧೂಮ್ರ, ಕಡುಗೆಂಪು ದಾರ ಇದ್ದವರು ಅದನ್ನು ತಂದರು. ಮೇಕೆಯ ಕೂದಲು ಇದ್ದವರು ಮೇಕೆಯ ಕೂದಲನ್ನೇ ತಂದರು. ಕೈಚಳಕದ ಹೆಂಗಸರು ಎರಡನ್ನೂ ನೂತುಕೊಟ್ಟರು. ಮೋಶೆ ಮೇಕೆಯ ಕೂದಲನ್ನು ಬಕೆಟ್ಟಿಗೆ ಹಾಕಲಿಲ್ಲ. ಒಳಗಿನ ಪರದೆ ಬಣ್ಣದ್ದಾಯಿತು, ಅದರ ಮೇಲೆ ಹೊದಿಸಿದ ಗುಡಾರ ಮೇಕೆಯ ಕೂದಲಿನದಾಯಿತು. ಬಣ್ಣವನ್ನು ಕಾಪಾಡಿದ್ದರಲ್ಲಿ ಆ ಕೂದಲಿಗೂ ಪಾಲಿತ್ತು ತಾನೆ? ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತಿದ್ದ ಯೇಸುಸ್ವಾಮಿ ಎರಡು ಕಾಸು ಹಾಕಿದ ವಿಧವೆಯನ್ನು ಶಿಷ್ಯರಿಗೆ ತೋರಿಸಿದ್ದೂ ನಮಗೆಲ್ಲ ಗೊತ್ತು. ತನಗೆ ಏನೂ ಖರ್ಚಾಗದ ಬಲಿಯನ್ನು ದೇವರಿಗೆ ಅರ್ಪಿಸಲಾರೆನೆಂದು ದಾವೀದ ಅರಸ ಹಣ ಕೊಟ್ಟು ಕಣವನ್ನು ಕೊಂಡದ್ದೂ ಗೊತ್ತು. ಗೊತ್ತಿಲ್ಲದ್ದು ಒಂದೇ. ನಮ್ಮ ಯುವಜನರ ಸುಗಂಧರಾಜಕ್ಕೆ ಹಣ ಕೊಡುವುದು ಧರ್ಮಕೇಂದ್ರದ ನಿಧಿ. ಅಜ್ಜಿಯ ದಾಸವಾಳಕ್ಕೆ ಬೇಸಿಗೆಯಲ್ಲಿ ಬೀದಿ ನಲ್ಲಿಯಿಂದ ಹೊತ್ತು ತಂದ ನೀರು ಖರ್ಚಾಗಿದೆ.

ಬಣ್ಣ ಕುಡಿಸುವ ಕೆಲಸದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ ಮರುದಿನ ಯಾರಿಗೂ ಹೇಳದೆ ಎರಡು ನೀಲಿ ಸುಗಂಧರಾಜದ ದಂಟು ಹಿಡಿದು ಅಜ್ಜಿಯ ಮನೆಗೆ ಹೋದಳು. ಆಮೇಲೆ ಅವಳೇ ನನಗೆ ಹೇಳಿದಳು.

"ಏನವ್ವಾ ಇದು, ಹೂಗೆ ಯಾರು ಶಾಯಿ ಕುಡಿಸ್ದೋರು?"

"ನಾನೇ ಅಜ್ಜಿ. ನಿಮ್ಗೆ ತೋರ್ಸಣ ಅಂತ ತಂದೆ."

ಅಜ್ಜಿ ಮೂಗಿನ ಹತ್ತಿರ ಹಿಡಿದು ನೋಡಿ, "ಬಣ್ಣ ಏನೋ ನೀಲಿ ಮಾಡ್ದೆ. ವಾಸ್ನೆ ನೀಲಿ ಆಗ್ನಿಲ್ವಲ್ಲೇ ಮಗಾ!" ಎಂದು ನಕ್ಕರಂತೆ. ಆಮೇಲೆ ಇಬ್ಬರೂ ಸೇರಿ ನಂದಿಬಟ್ಟಲನ್ನು ಬಣ್ಣದ ನೀರಿಗೆ ಇಟ್ಟು ನೋಡಿದರಂತೆ. ಅದು ಸಂಜೆಯ ಹೊತ್ತಿಗೆ ಉದುರಿಹೋಯಿತು.

ಈಗ ಪೀಠದ ಮೆಟ್ಟಿಲ ಬಳಿ ಒಂದು ಹಿತ್ತಾಳೆ ಚೊಂಬು ಇರುತ್ತದೆ. ಯಾರ ಮನೆಯಿಂದ ಯಾವ ಹೂ ಬಂದರೂ ಆ ಚೊಂಬಿಗೆ ಹೋಗುತ್ತದೆ. ಅದಕ್ಕೆ ಬಣ್ಣದ ಲೆಕ್ಕವಿಲ್ಲ. ನೀಲಿ ಸುಗಂಧರಾಜ ವಾಚನಪೀಠದ ಬಳಿ ನಿಂತಿರುವಾಗ ದಾಸವಾಳ, ಕನಕಾಂಬರ, ಒಮ್ಮೊಮ್ಮೆ ತುಂಬೆಹೂವು ಕೂಡ ಪೀಠಕ್ಕೆ ಅದಕ್ಕಿಂತ ಹತ್ತಿರ ಇರುತ್ತವೆ. ನೋಡಲು ಅಂದವೇ ಎಂದರೆ, ಎಲ್ಲ ವಾರವೂ ಅಲ್ಲ. ಅಜ್ಜಿಯ ಹೂ ಮತ್ತೆ ಬರುತ್ತಿದೆ, ಆದರೆ ಹೆಚ್ಚಾಗಿ ಮೊಮ್ಮಗನ ಕೈಯಲ್ಲಿ. ಅವರೇ ಬಂದ ದಿನವೂ ಬಾಗಿಲ ಬಳಿ ಕೊಟ್ಟು ಹೊರಟುಬಿಡುತ್ತಾರೆ. ಮೊದಲಿನಂತೆ ಒಳಗೆ ಬಂದು ತಾವೇ ಇಡುವುದಿಲ್ಲ. ಬಾಡಿದ ಹೂವನ್ನು ಬದಲಿಸುವುದು ಸುಲಭ, ಬಾಡಿದ ಮನಸ್ಸಿಗೆ ಕಾಲ ಬೇಕು. ಆ ಹುಡುಗಿ ಈಗಲೂ ಹೋಗಿ ಬರುತ್ತಿದ್ದಾಳೆ.

ದೇವಾಲಯಕ್ಕೆ ಹೂ ತರುವ ಭಕ್ತಿ ಎಷ್ಟು ಹಳೆಯದೆಂದು ಯುವಜನರು ಕೇಳಿದ್ದಾರೆ. ಆದಿ ಕ್ರೈಸ್ತರಿಗೆ ಹೂವಿನ ಬಗ್ಗೆ ಸ್ವಲ್ಪ ಅನುಮಾನವಿತ್ತು. ವಿಗ್ರಹಗಳ ಉತ್ಸವಗಳಲ್ಲಿ ಹೂಮಾಲೆ ತಲೆಗೆ ಧರಿಸುತ್ತಿದ್ದುದರಿಂದ ಟೆರ್ಟುಲಿಯನ್ ಎಂಬ ಲೇಖಕ ಮೂರನೆಯ ಶತಮಾನದ ಆರಂಭದಲ್ಲಿ ಅದನ್ನು ಖಂಡಿಸಿ ಒಂದು ಗ್ರಂಥವನ್ನೇ ಬರೆದ. ನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ಗಾಳಿ ಬದಲಾಗಿತ್ತು. ತರುಣ ವಯಸ್ಸಿನಲ್ಲಿ ತೀರಿಕೊಂಡ ನೆಪೋಷಿಯನ್ ಎಂಬ ಗುರುವನ್ನು ಕುರಿತು ಸಂತ ಜೆರೋಮರು ಬರೆದ ಪತ್ರದಲ್ಲಿ, ಆತ ದೇವಾಲಯಗಳನ್ನೂ ರಕ್ತಸಾಕ್ಷಿಗಳ ಗುಡಿಗಳನ್ನೂ ಹೂ, ಎಲೆ, ದ್ರಾಕ್ಷಿಬಳ್ಳಿಗಳಿಂದ ಅಂದಗೊಳಿಸುತ್ತಿದ್ದನೆಂದು ಮೆಚ್ಚಿಕೊಳ್ಳುತ್ತಾರೆ. ಪೀಠದ ಅಲಂಕಾರಕ್ಕೆ ಒಬ್ಬ ಪಾಲಕ ಸಂತ ಬೇಕೆಂದಿದ್ದರೆ ನನ್ನ ಮತ ಈ ನೆಪೋಷಿಯನ್‌ಗೆ.

ಈ ಸಲದ ಸೆಪ್ಟೆಂಬರ್ 8, ಮಾತೆ ಮರಿ‌ಯಮ್ಮನವರ ಜನ್ಮದಿನ, ಹತ್ತಿರ ಬರುತ್ತಿದೆ. ಕರಾವಳಿಯಲ್ಲಿ ಮೊಂತಿ ಹಬ್ಬವೆಂದು ಕರೆಯುವ ಈ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಪುಟ್ಟ ಬುಟ್ಟಿಗಳಲ್ಲಿ ಹೂ ತಂದು ಬಾಲೆ ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ, ಮನೆಗೆ ಹೋಗಿ ಹೊಸ ಅಕ್ಕಿಯ ಊಟ. ಗೌರಿ ಗಣೇಶ ಹಬ್ಬವೂ ಅದರ ಆಸುಪಾಸಿನಲ್ಲಿಯೇ ಬರುವುದರಿಂದ ಪೇಟೆಯಲ್ಲಿ ಹೂವಿನ ಬೆಲೆ ಏರಿರುತ್ತದೆ. ಮಕ್ಕಳ ಬುಟ್ಟಿಗೆ ಕೊಂಡ ಹೂ ತುಂಬಿಸಲು ತಂದೆತಾಯಿಗಳು ಪೈಪೋಟಿಗೆ ಇಳಿಯಬೇಡಿ. ಬೇಲಿಯ ಹೂ, ಗದ್ದೆಯ ಬದುವಿನ ಹೂ, ಪಕ್ಕದ ಮನೆಯವರನ್ನು ಕೇಳಿ ಕಿತ್ತ ಹೂ ಸಾಕು. ಕೇಳಿ ಕಿತ್ತದ್ದು ಎಂಬ ಮಾತನ್ನು ಮಕ್ಕಳಿಗೆ ಒತ್ತಿ ಹೇಳಿ. ಪಕ್ಕದ ಮನೆಯ ಬೇರೆ ಧರ್ಮದ ಅಕ್ಕಂದಿರು ನಮ್ಮ ಮಕ್ಕಳ ಬುಟ್ಟಿಗೆ ತಾವೇ ಹೂ ಕಿತ್ತು ಹಾಕಿದ್ದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಬಣ್ಣ ಕುಡಿಸುವವರು ದೊಡ್ಡ ಹೂದಾನಿಗಳಿಗೆ ಮಾತ್ರ ಕುಡಿಸಿ, ಅಡುಗೆ ಬಣ್ಣವನ್ನೇ ಬಳಸಿ, ಪೀಠಕ್ಕೆ ತರುವ ಮುನ್ನ ದಂಟನ್ನು ಶುದ್ಧ ನೀರಿನಲ್ಲಿ ತೊಳೆದು ಹೊಸ ನೀರಿನಲ್ಲಿ ಇಡಿ. ಮಕ್ಕಳ ಬುಟ್ಟಿಗಳಿಗೆ ಬೇಡ.

ಪೂಜೆಯ ಮೇಲೆ ಹೂವೇನಾಗಬೇಕು ಎಂಬುದು ಉಳಿಯಿತು. ಅದಕ್ಕೆ ಸಂತ ಅಗಸ್ತೀನರ ಹತ್ತಿರ ಹೋಗೋಣ. 'ದೇವರ ನಗರ'ದ ಕೊನೆಯ ಭಾಗದಲ್ಲಿ, ಇಪ್ಪತ್ತೆರಡನೆಯ ಪುಸ್ತಕದ ಎಂಟನೆಯ ಅಧ್ಯಾಯದಲ್ಲಿ, ತಮ್ಮ ಕಾಲದ ಅದ್ಭುತಗಳನ್ನು ಹೇಳುತ್ತ ಅವರು ಮಾರ್ಷಿಯಲ್ ಎಂಬ ಶ್ರೀಮಂತ ಮುದುಕನ ಕಥೆ ಬರೆಯುತ್ತಾರೆ. ಕಾಲಾಮ ಎಂಬ ಊರು, ಇಂದಿನ ಅಲ್ಜೀರಿಯಾದಲ್ಲಿದೆ. ಆತನಿಗೆ ಕ್ರೈಸ್ತ ಧರ್ಮವೆಂದರೆ ಆಗದು. ಮಗಳು ಕ್ರೈಸ್ತಳು, ಅಳಿಯ ಅದೇ ವರ್ಷ ದೀಕ್ಷಾಸ್ನಾನ ಪಡೆದವನು. ಮುದುಕನಿಗೆ ಕಾಯಿಲೆಯಾದಾಗ ಇಬ್ಬರೂ ಕಣ್ಣೀರಿಟ್ಟು ಬೇಡಿದರು. ಆತ ಸಿಟ್ಟಿನಿಂದ ಅಟ್ಟಿದ. ಅಳಿಯ ಸಂತ ಸ್ತೇಫನರ ಗುಡಿಗೆ ಹೋಗಿ ಅತ್ತು ಪ್ರಾರ್ಥಿಸಿದ. ಹೊರಡುವಾಗ ಪೀಠದಿಂದ ಕೈಗೆ ಸಿಕ್ಕ ಕೆಲವು ಹೂಗಳನ್ನು ತಂದು, ರಾತ್ರಿಯಾದ್ದರಿಂದ ಮಾವನ ತಲೆಯ ಬಳಿ ಇಟ್ಟ. ಎಲ್ಲರೂ ಮಲಗಿದರು. ಬೆಳಗಾಗುವ ಮುನ್ನವೇ ಮುದುಕ ಕೂಗಿದ, ಧರ್ಮಾಧ್ಯಕ್ಷರನ್ನು ಕರೆಸಿ ಎಂದು. ಅವರು ಆಗ ಹಿಪ್ಪೋದಲ್ಲಿ ಅಗಸ್ತೀನರ ಜೊತೆಗಿದ್ದರು. ಊರಿನ ಗುರುಗಳು ಬಂದರು, ಮುದುಕ ದೀಕ್ಷಾಸ್ನಾನ ಪಡೆದ. ಉಸಿರು ಹೋಗುವವರೆಗೂ, ಕ್ರಿಸ್ತನೇ ನನ್ನ ಆತ್ಮವನ್ನು ಸ್ವೀಕರಿಸು ಎಂಬರ್ಥದ ಮಾತು ಅವನ ಬಾಯಲ್ಲಿತ್ತು. ಸ್ತೇಫನರು ಕಲ್ಲೇಟು ತಿನ್ನುವಾಗ ಕೊನೆಗೆ ಹೇಳಿದ ಮಾತುಗಳಿವು ಎಂದು ಅವನಿಗೆ ತಿಳಿದಿರಲಿಲ್ಲ.

ಆ ಹೂಗಳು ಯಾವುವು, ಯಾವ ಬಣ್ಣದವು ಎಂದು ಅಗಸ್ತೀನರು ಬರೆದಿಲ್ಲ.

ನಮ್ಮಲ್ಲಿ ಈಗ ಸೋಮವಾರ ಬೆಳಿಗ್ಗೆ ಪೀಠದ ಹೂಗಳನ್ನು ಬಿಸಾಡುವುದಿಲ್ಲ. ಹಾಸಿಗೆ ಹಿಡಿದವರಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಯುವಜನರಲ್ಲಿ ಒಬ್ಬಿಬ್ಬರು ಜೊತೆಗೆ ಬರುತ್ತಾರೆ, ಇನ್ನೂ ಬಾಡದ ದಂಟುಗಳನ್ನು ಆರಿಸಿಕೊಂಡು. ಚೊಂಬಿನದೂ ಹೂದಾನಿಯದೂ ಕಲೆತುಹೋಗಿರುತ್ತವೆ. ನಿಮ್ಮ ಮನೆಯಲ್ಲಿ ಅಂಥ ರೋಗಿಗಳಿದ್ದರೆ ಭಾನುವಾರದ ಪೂಜೆಯಾದ ಮೇಲೆ ಸಕ್ರಿಸ್ತಿಯಲ್ಲಿ ಹೆಸರು ಬರೆಸಿ. ಒಂದು ಲೋಟ ನೀರು ಮಾತ್ರ ತುಂಬಿಟ್ಟಿರಿ.